ಮುಟ್ಟಬೇಡಿ, ಒಣಗುತ್ತಿದೆ

ಬಾಟಲಿಯನ್ನು ಅಲ್ಲಾಡಿಸಬಾರದು ಎಂದು ಲೇಬಲ್ಲಿನ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಶಿವಶಂಕರಪ್ಪನವರು ಅಲ್ಲಾಡಿಸಿದರು.

ಬೆಳಗಿನ ಐದೂವರೆಗೆ ಎದ್ದು ಅಡುಗೆಮನೆಗೆ ಬಂದವರು, ಕಟ್ಟೆಯ ಮೇಲೆ ಸೊಸೆ ಇಟ್ಟಿದ್ದ ಪುಟ್ಟ ಬಾಟಲಿಯನ್ನೂ ಅದರೊಳಗಿನ ಬೆಳ್ಳಗಿನ ದ್ರವವನ್ನೂ ನೋಡಿ, ತಮ್ಮ ಎದೆಯುರಿಯ ಔಷಧಿಯೆಂದೇ ತಿಳಿದು ಹತ್ತು ಸಲ ಮೇಲೆ ಕೆಳಗೆ ಕುಲುಕಿದರು. ಕುಡಿಯುವ ಮುಂಚೆ ಮೂಸಿ ನೋಡಿದ್ದೊಂದು ಪುಣ್ಯ.

"ಅಲ್ಲಾಡಿಸಿದ್ರಾ ಮಾವ?" ಶೀತಲ್ ಬಾಟಲಿಯನ್ನು ದೀಪಕ್ಕೆ ಹಿಡಿದು ಕೇಳಿದಳು. ಒಳಗೆ ಸೋಡಾದ ಹಾಗೆ ಗುಳ್ಳೆಗಳು ಏಳುತ್ತಿದ್ದವು.

"ಔಷಧಿ ಅಂದ್ಕೊಂಡೆ."

"ಇದು ಗ್ಲೇಜ್ ಮಾವ. ಓಲೆ ಮೇಲೆ ಹಾಕೋದು."

"ಗ್ಲೇಜೋ ಗೀಜೋ. ಬಾಟಲಿ ಅಂದ್ಮೇಲೆ ಅಲ್ಲಾಡಿಸ್ತಾರೆ. ಅದ್ರಲ್ಲೇನು ತಪ್ಪು?"

ತಪ್ಪೇನೆಂದು ಲೇಬಲ್ಲಿನಲ್ಲಿಯೇ ಇತ್ತು. ಗೆಳತಿಯೊಬ್ಬಳು ಬೆಂಗಳೂರಿನಿಂದ ತಂದುಕೊಟ್ಟ ಆ ಗ್ಲೇಜನ್ನು ಕಾಗದದ ಓಲೆಗಳ ಮೇಲೆ ಹನಿಹನಿಯಾಗಿ ಹರಡಿದರೆ, ಹಾಕುವಾಗ ಹಾಲಿನಂತಿದ್ದದ್ದು ಒಣಗುತ್ತ ಒಣಗುತ್ತ ತಿಳಿಯಾಗಿ, ಗಾಜಿನ ಹನಿಯಂತೆ ಉಬ್ಬಿ ನಿಲ್ಲುತ್ತದೆ. ಅಲ್ಲಾಡಿಸಿದರೆ ಗುಳ್ಳೆ ಬರುತ್ತದೆ. ಮಟ್ಟಸವಾದ ಜಾಗದಲ್ಲಿ ಇಡದಿದ್ದರೆ ಒಂದು ಕಡೆಗೆ ಹರಿಯುತ್ತದೆ. ಪೂರ್ತಿ ಗಟ್ಟಿಯಾಗುವ ಮುಂಚೆ ನೀರು ಸೋಕಿದರೆ ಮತ್ತೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಗಟ್ಟಿಯಾದ ಮೇಲೆ ಮಳೆಯಲ್ಲಿ ನೆನೆದರೂ ಏನೂ ಆಗದು. ಎಲ್ಲಕ್ಕಿಂತ ಮುಖ್ಯವಾಗಿ, ಒಣಗುವವರೆಗೆ ಯಾರೂ ಮುಟ್ಟಬಾರದು.

ಆ ಲೇಬಲ್ ಬರೆದವನು ಭದ್ರಾವತಿಯ ನ್ಯೂ ಟೌನಿಗೆ ಬಂದಿರಲಿಕ್ಕಿಲ್ಲ.

ಶೀತಲ್‌ಗೆ ಅವತ್ತೇ ಮಧ್ಯಾಹ್ನ ಹನ್ನೆರಡಕ್ಕೆ ಶಿವಮೊಗ್ಗದಲ್ಲಿ ಸಂದರ್ಶನವಿತ್ತು. ಸವಳಂಗ ರಸ್ತೆಯಲ್ಲಿ ಮಹಿಳಾ ಸಂಘವೊಂದು ಕರಕುಶಲ ತರಬೇತಿ ಕೇಂದ್ರ ತೆರೆಯುತ್ತಿತ್ತು. ಒಬ್ಬರೇ ಒಬ್ಬರು ಶಿಕ್ಷಕಿ ಬೇಕಾಗಿದ್ದರು. ಕೈಯಾರೆ ಮಾಡಿದ ಐದು ಜೊತೆ ಆಭರಣ ತರಬೇಕು, ಐದಕ್ಕೆ ಕಡಿಮೆಯಿದ್ದರೆ ಪರಿಗಣಿಸುವುದಿಲ್ಲ ಎಂದು ಪತ್ರದಲ್ಲಿ ಬರೆದಿದ್ದರು. ಆ ಪತ್ರ ಬಂದು ಐದು ದಿನವಾಗಿತ್ತು. ಆದರೆ ಪೋಸ್ಟ್‌ಮನ್ ಬಂದಾಗ ಶೀತಲ್ ಪಕ್ಕದ ಮನೆಯ ಮಹಾಂತಮ್ಮನವರ ಗ್ಯಾಸ್ ಸಿಲಿಂಡರ್ ಬರೆಸಲು ಹೋಗಿದ್ದಳು. ಪತ್ರವನ್ನು ಇಸಿದುಕೊಂಡ ಮಹಾಂತಮ್ಮ ಅದನ್ನು ತಮ್ಮ ಫ್ರಿಜ್ಜಿನ ಮೇಲಿಟ್ಟು, ಅದರ ಮೇಲೆ ಬಾಳೆಹಣ್ಣಿನ ಬುಟ್ಟಿಯಿಟ್ಟು, ಹಣ್ಣು ಮುಗಿದ ದಿನ ತಂದುಕೊಟ್ಟರು.

ಅದು ನಿನ್ನೆ ಸಂಜೆ. ರಾತ್ರಿಯಿಡೀ ಕೂತು ಬಣ್ಣದ ಕಾಗದದ ಸಣ್ಣ ಪಟ್ಟಿಗಳನ್ನು ಸುರುಳಿ ಸುತ್ತಿ, ಅಂಟಿಸಿ, ಆರು ಜೊತೆ ನವಿಲಿನ ಓಲೆ ಮಾಡಿದ್ದಳು. ಒಂದು ಜೊತೆ ಹೆಚ್ಚಿಗೆ ಇರಲಿ ಎಂದು.

ಅವಳಿಗೆ ಆ ಕೆಲಸ ಬೇಕಾಗಿದ್ದದ್ದು ಒಂದು ವಾಕ್ಯಕ್ಕಾಗಿ. ಗಂಡ ವಿಜಯೇಂದ್ರ ತೀರಿಕೊಂಡು ಮೂರು ವರ್ಷವಾಗಿತ್ತು. ಮೊದಲ ವರ್ಷ ಬೀದಿಯವರೆಲ್ಲ ಅವಳನ್ನು ನೋಡಿ ಅತ್ತರು. ಎರಡನೆಯ ವರ್ಷದಿಂದ ಕೆಲಸ ಹೇಳತೊಡಗಿದರು. ಕರೆಂಟ್ ಬಿಲ್ ಕಟ್ಟು, ರೇಷನ್ ಕಾರ್ಡ್ ತಿದ್ದಿಸು, ಮಗುವಿಗೆ ಇಂಗ್ಲಿಷ್ ಹೇಳಿಕೊಡು, ನಾವು ಮದುವೆಗೆ ಹೋಗ್ತೀವಿ ನಮ್ಮನೆ ಕಡೆ ಸ್ವಲ್ಪ ಕಣ್ಣಿಟ್ಟಿರು. ಕೊನೆಯಲ್ಲಿ ಎಲ್ಲರೂ ಸೇರಿಸುತ್ತಿದ್ದದ್ದು ಒಂದೇ: "ಹೆಂಗೂ ಸುಮ್ನೆ ಇರ್ತೀಯಲ್ಲ." ಇದಕ್ಕೆ ಉತ್ತರವಾಗಿ, ಚಪ್ಪಲಿ ಮೆಟ್ಟುತ್ತ, ತಿರುಗಿಯೂ ನೋಡದೆ, "ನಂಗೆ ಕೆಲಸಕ್ಕೆ ಹೊತ್ತಾಯ್ತು" ಎಂದು ಹೇಳಬೇಕು. ಅಷ್ಟೇ. ಎಂ.ಎ. ಓದಿದ್ದರೂ ಈ ಮೂರು ಪದ ಹೇಳುವ ಯೋಗ ಅವಳಿಗೆ ಇನ್ನೂ ಬಂದಿರಲಿಲ್ಲ.

ಗುಳ್ಳೆ ಇಳಿಯಲೆಂದು ಒಂದು ಗಂಟೆ ಕಾದಳು. ಇಳಿದವುಗಳಿಗಿಂತ ಉಳಿದವೇ ಹೆಚ್ಚು. ಗ್ಲೇಜನ್ನು ಓಲೆಗಳ ಮೇಲೆ ಹರಡಿ, ಸೂಜಿ ಹಿಡಿದು ಒಂದೊಂದೇ ಗುಳ್ಳೆಯನ್ನು ಒಡೆಯುತ್ತ ಕೂತಳು. ಆರು ಗಂಟೆಗೆ ಮುಗಿಯಬೇಕಾದ ಕೆಲಸ ಎಂಟಾದರೂ ಮುಗಿಯಲಿಲ್ಲ.

ಶಿವಶಂಕರಪ್ಪನವರು ಪೇಪರ್ ಮಡಿಸಿ ಹತ್ತಿರ ಬಂದರು. ಅವರು ಕಾರ್ಖಾನೆಯ ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಎರಕ ಹೊಯ್ದ ಕಬ್ಬಿಣವನ್ನು ಉಗುರಿನಿಂದ ತಟ್ಟಿ, ಸದ್ದು ಕೇಳಿ, ಪಾಸೋ ರಿಜೆಕ್ಟೋ ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ತೆಂಗಿನಕಾಯಿ, ಮಡಕೆ, ಅಳಿಯ ಎಲ್ಲವನ್ನೂ ಅದೇ ಕ್ರಮದಲ್ಲಿ ಪರೀಕ್ಷಿಸುತ್ತಿದ್ದರು.

"ಇದಕ್ಕೆ ಬ್ಲೋ ಹೋಲ್ ಅಂತಾರೆ," ಅಂದರು ಓಲೆಯ ಮೇಲೆ ಬಗ್ಗಿ. "ಒಳಗೆ ಗಾಳಿ ಸಿಕ್ಕಿ ಹಾಕ್ಕೊಂಡಿದೆ. ನಮ್ಮಲ್ಲಾಗಿದ್ರೆ ಇಷ್ಟೂ ರಿಜೆಕ್ಟು."

"ನೀವು ಅಲ್ಲಾಡಿಸಿದ್ರಿಂದ ಆಗಿದ್ದು ಮಾವ."

"ಕಾರಣ ಬೇರೆ ವಿಷಯ. ನಾನು ಹೇಳ್ತಿರೋದು ರಿಸಲ್ಟು." ತಟ್ಟಿ ನೋಡಲು ತೋರುಬೆರಳು ಮುಂದೆ ಬಂತು.

ಶೀತಲ್ ತಟ್ಟೆಯನ್ನು ಎತ್ತಿಕೊಂಡು ವರಾಂಡಕ್ಕೆ ಹೋದಳು. ಕಟ್ಟೆಯ ಮೇಲೆ ಮಟ್ಟಸವಾಗಿಟ್ಟು, ಮೇಲೆ ಊಟಕ್ಕೆ ಮುಚ್ಚುವ ಬಲೆಯ ಮುಚ್ಚಳ ಹಾಕಿ, ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ "ಮುಟ್ಟಬೇಡಿ, ಒಣಗುತ್ತಿದೆ" ಎಂದು ಬರೆದು ಸಿಕ್ಕಿಸಿ, ಸ್ನಾನಕ್ಕೆ ಹೋದಳು.

ಹಿಂತಿರುಗಿ ಬಂದಾಗ ಮಹಾಂತಮ್ಮ ಮುಚ್ಚಳ ತೆಗೆದು ಬದಿಗಿಟ್ಟು, ಕನ್ನಡಕ ಏರಿಸಿ, ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು.

"ಮುಟ್ಟಬೇಡಿ, ಒಣಗುತ್ತಿದೆ," ಎಂದು ಓದಿ ಮುಗಿಸಿ, ಹೆಬ್ಬೆರಳಿನಿಂದ ಒಂದು ನವಿಲನ್ನು ಒತ್ತಿದರು. ಆಮೇಲೆ ಅದರ ಜೊತೆಯದನ್ನೂ ಒತ್ತಿದರು. "ಇಲ್ಲವ್ವ. ಇನ್ನೂ ಒಣಗಿಲ್ಲ."

ಆಗತಾನೆ ಪೂಜೆ ಮುಗಿಸಿ ಬಂದಿದ್ದ ಬೆರಳು. ಎರಡು ನವಿಲುಗಳ ಎದೆಯ ಮೇಲೂ ವಿಭೂತಿಯ ಸಮೇತ ಮಹಾಂತಮ್ಮನವರ ಹೆಬ್ಬೆಟ್ಟು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ ಮೂಡಿತ್ತು.

"ಚೀಟಿ ಓದಿದ್ರಲ್ಲ ಮಹಾಂತಮ್ಮನೋರೆ," ಅಂದಳು ಶೀತಲ್. ತಲೆಯಿಂದ ನೀರು ತೊಟ್ಟಿಕ್ಕುತ್ತಿದ್ದುದರಿಂದ ತಟ್ಟೆಯ ಹತ್ತಿರ ಹೋಗುವಂತಿರಲಿಲ್ಲ.

"ಓದ್ದೆ. ಒಣಗುತ್ತಿದೆ ಅಂತ ಬರ್ದಿದೀಯ. ಎಷ್ಟು ಒಣಗಿದೆ ಅಂತ ಬರ್ದಿಲ್ಲ. ಮುಟ್ಟದೆ ಹೆಂಗೆ ಗೊತ್ತಾಗ್ಬೇಕು?"

"ನಿಮಗ್ಯಾಕೆ ಗೊತ್ತಾಗ್ಬೇಕು?"

"ನೋಡು, ಒಳ್ಳೇದಕ್ಕೆ ಹೇಳಕ್ಕೆ ಬಂದ್ರೆ." ಮಹಾಂತಮ್ಮ ಸೆರಗಿಗೆ ಬೆರಳೊರೆಸಿಕೊಂಡರು. "ಅಲ್ಲ, ಇಷ್ಟೊಂದು ಓಲೆ ಯಾರು ಹಾಕ್ಕೊಳ್ಳೋಕೆ?" ಎಂದು ಕೇಳಿ, ಕೇಳಿದ್ದು ತಮಗೇ ಕೇಳಿಸಿ, ನಾಲಿಗೆ ಕಚ್ಚಿಕೊಂಡರು. ಆಮೇಲೆ ಸಮಾಧಾನದ ದನಿಯಲ್ಲಿ, "ಹಾಳಾಗಿರೋದನ್ನ ಬಿಸಾಕ್ಬೇಡ. ನನ್ ಮೊಮ್ಮಗಳಿಗೆ ಕೊಡ್ತೀನಿ," ಅಂದು ಎರಡನ್ನೂ ಎತ್ತಿಕೊಂಡು ಹೊರಟರು. ಗೇಟಿನ ಹತ್ತಿರ ನಿಂತು, "ಶಿವಮೊಗ್ಗಕ್ಕೆ ಹೋಗ್ತಿದೀಯಲ್ಲ, ಬರ್ತಾ ಒಂದು ಪಾವು ಕಾಫಿಪುಡಿ ತಾ," ಎಂದರು.

ಐದು ಜೊತೆ ಉಳಿದವು. ಸರಿಯಾಗಿ ಐದು.

ಹತ್ತೂವರೆಯ ಬಸ್ಸಿಗೆ ಶೀತಲ್ ತಟ್ಟೆಯನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದು, ಮೇಲೆ ಬಲೆಯ ಮುಚ್ಚಳವಿಟ್ಟು, ಎಣ್ಣೆ ತುಂಬಿದ ದೀಪ ಹೊತ್ತವಳಂತೆ ಹತ್ತಿದಳು. ಸೀಟುಗಳೆಲ್ಲ ತುಂಬಿದ್ದವು. ಕಂಡಕ್ಟರ್ ಚೌಡಯ್ಯ ಟಿಕೆಟ್ ಹರಿಯುತ್ತ ಮುಚ್ಚಳದೊಳಗೆ ಇಣುಕಿದ.

"ಏನಕ್ಕ, ಹೋಳಿಗೆನಾ?"

"ಅಲ್ಲ. ಮುಟ್ಬೇಡಿ."

"ಮಡಿ ಅಡುಗೆ ಇರ್ಬೇಕು," ಎಂದು ಕಾಕಡ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಪಕ್ಕದವಳಿಗೆ ಹೇಳಿದಳು.

"ಮಡಿ ಅಡುಗೆ ಬಸ್ಸಲ್ಲಿ ಯಾರು ತರ್ತಾರೆ? ಶಂಕರಪೋಳಿ ಅದು. ಬಣ್ಣ ಹಾಕಿದಾರೆ," ಎಂದಳು ಪಕ್ಕದವಳು. ಹಿಂದಿನಿಂದ ಒಬ್ಬ ಮುದುಕ, ಒಂದು ತುಂಡು ಕೊಟ್ಟರೆ ತಿಂದು ಹೇಳುವುದಾಗಿ ಮುಂದೆ ಬಂದ.

"ಓಲೆ," ಅಂದಳು ಶೀತಲ್. "ಕಾಗದದ ಓಲೆ. ಇನ್ನೂ ಒಣಗಿಲ್ಲ."

ಒಣಗಿಲ್ಲ ಎಂಬ ಪದ ಕೇಳಿದ್ದೇ ಬಸ್ಸಿನ ಮೂರು ದಿಕ್ಕಿನಿಂದ ಮೂರು ಬೆರಳುಗಳು ಎದ್ದವು. ಶೀತಲ್ ತಟ್ಟೆಯನ್ನು ತಲೆಯ ಮೇಲೆತ್ತಿದಳು. ಹಸಿ ಬಣ್ಣ ಬಳಿದ ಗೋಡೆ, ಹಸಿ ಸಿಮೆಂಟಿನ ರಸ್ತೆ, ಹಸಿ ಓಲೆ: ಮುಟ್ಟಿ ನೋಡದೆ ನಂಬುವ ಒಬ್ಬ ಮನುಷ್ಯ ಈ ಜಿಲ್ಲೆಯಲ್ಲಿ ಇಲ್ಲವೇ ಎಂದು ಅವಳಿಗೆ ಮೈ ಉರಿಯಿತು.

ಚೌಡಯ್ಯನಿಗೆ ಮಾತ್ರ ಬುದ್ಧಿಯಿತ್ತು. "ಎಲ್ರೂ ಕೈ ಇಳಿಸ್ರಯ್ಯ. ಅಕ್ಕ, ಇಲ್ಲಿ ಕೊಡಿ. ಬಾನೆಟ್ ಮೇಲೆ ಇಡ್ತೀನಿ. ಅರ್ಧ ಗಂಟೇಲಿ ಹಪ್ಪಳ ಒಣಗ್ತವೆ ಇಲ್ಲಿ."

ಡ್ರೈವರ್ ಪಕ್ಕದ ಇಂಜಿನ್ನಿನ ಮುಚ್ಚಳದ ಮೇಲೆ, ಮಡಿಸಿದ ಟವೆಲ್ಲಿನ ಮೇಲೆ, ತಟ್ಟೆ ಶಿವಮೊಗ್ಗದವರೆಗೆ ಬೆಚ್ಚಗೆ ಕೂತು ಬಂತು. ಇಳಿಯುವಾಗ ನೋಡಿದರೆ ಹತ್ತು ನವಿಲುಗಳೂ ತಿಳಿಯಾಗಿದ್ದವು. ಒಳಗೆ ಇನ್ನೂ ಮೆತ್ತಗಿದ್ದರೂ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು. ಒಂದು ಗುಳ್ಳೆಯಿಲ್ಲ.

ಸಂಘದ ಸಭಾಂಗಣದ ಬಾಗಿಲಲ್ಲಿ ಹೂವಮ್ಮ ಎಂಬ ಸ್ವಾಗತದ ಹೆಂಗಸು ನಿಂತಿದ್ದರು. ಮೇಜಿನ ಮೇಲೆ ಕುಂಕುಮದ ಬಟ್ಟಲು, ಪನ್ನೀರುದಾನಿ, ಫಾರ್ಮುಗಳು. ಶೀತಲ್ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದು, ಓಲೆಗಳನ್ನು ತೋರಿಸಿ, ಫಾರ್ಮು ತುಂಬಿದಳು. ಗಂಡನ ಹೆಸರು ಎಂಬಲ್ಲಿ "ದಿ. ವಿಜಯೇಂದ್ರ" ಎಂದು ಬರೆದಳು.

ಹೂವಮ್ಮ ಒಂದು ಕೈಯಲ್ಲಿ ಫಾರ್ಮು ಇಸಿದುಕೊಳ್ಳುತ್ತ, ಇನ್ನೊಂದು ಕೈಯ ಉಂಗುರಬೆರಳನ್ನು ಕುಂಕುಮದಲ್ಲಿ ಅದ್ದಿ, ಶೀತಲ್‌ನ ಹಣೆಯ ಕಡೆಗೆ ತಂದರು. ಅಷ್ಟರಲ್ಲಿ ಕಣ್ಣು ಫಾರ್ಮಿನ ಮೇಲೆ ಬಿತ್ತು. ಬೆರಳು ಹಣೆಗೂ ಬಟ್ಟಲಿಗೂ ನಡುವೆ ನಿಂತಿತು.

ಶೀತಲ್‌ಗೆ ಈ ನಿಲ್ದಾಣ ಹೊಸದಲ್ಲ. ಅವಳು ಬೇರೆ ಕಡೆ ನೋಡಿ ಕಾದಳು.

ಹೂವಮ್ಮ ಕೆಟ್ಟವರಲ್ಲ. ಕುಂಕುಮ ಕೊಡುವಂತಿಲ್ಲ, ಕೊಡದೆ ಕಳಿಸಿದರೆ ನೊಂದುಕೊಳ್ಳುತ್ತಾಳೆ ಎಂದು ಅವರಿಗೆ ಪೇಚಾಯಿತು. ಏನಾದರೂ ಕೊಡಬೇಕಲ್ಲ. ಪನ್ನೀರಿಗೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ. ಆ ಗಡಿಬಿಡಿಯಲ್ಲಿ ಪನ್ನೀರುದಾನಿ ಎತ್ತಿಕೊಂಡು, ಎಲ್ಲರಿಗೂ ಒಂದು ಸಲ ಚಿಮುಕಿಸುವುದನ್ನು ಇವಳಿಗೆ ಆರು ಸಲ ಚಿಮುಕಿಸಿದರು. ಎರಡು ತಲೆಗೆ ಬಿತ್ತು. ನಾಲ್ಕು ತಟ್ಟೆಗೆ ಬಿತ್ತು.

"ಒಳ್ಳೇದಾಗ್ಲಿ ಕಣಮ್ಮ," ಅಂದರು ಕಣ್ಣಲ್ಲಿ ನೀರು ತಂದುಕೊಂಡು.

ತಟ್ಟೆಯಲ್ಲಿ ಹತ್ತು ನವಿಲುಗಳು ಒಂದೊಂದಾಗಿ ಬೆಳ್ಳಗಾದವು.

ಶೀತಲ್ ಕರವಸ್ತ್ರದ ತುದಿಯಿಂದ ಹನಿಗಳನ್ನು ಹೀರಿಸಲು ನೋಡುತ್ತಿರುವಾಗಲೇ ಅವಳ ಹೆಸರು ಕರೆದರು. ಒಳಗೆ ಕಾರ್ಯದರ್ಶಿ ಸೀತಾ ಮೇಡಂ, ಪಕ್ಕದಲ್ಲಿ ತೀರ್ಪುಗಾರರಾಗಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಶ್ರೀನಿವಾಸಮೂರ್ತಿಗಳು ಕೂತಿದ್ದರು. ಮೂರ್ತಿಗಳು ಬೆಳಗಿನಿಂದ ಹದಿನಾಲ್ಕು ಮಂದಿಯ ಆಭರಣ ನೋಡಿ ದಣಿದಿದ್ದರು.

"ಎಲ್ಲಾ ಪಳಪಳ," ಎಂದು ಗೊಣಗುತ್ತಿದ್ದರು. "ಒಬ್ಬರದ್ದಕ್ಕಿಂತ ಒಬ್ಬರದ್ದು ಪಳಪಳ. ಕಣ್ಣು ಚುಚ್ತವೆ." ಶೀತಲ್‌ನ ತಟ್ಟೆ ನೋಡಿ ಮಾತು ನಿಲ್ಲಿಸಿದರು. ಒಂದು ಓಲೆಯನ್ನು ಅಂಗೈ ಮೇಲಿಟ್ಟುಕೊಂಡರು. "ಸೀತಮ್ಮ, ಇದು ನೋಡಿ. ನವಿಲು ಹಾಲಲ್ಲಿ ಈಜ್ತಿರೋ ಹಾಗಿದೆ. ಈ ಬಣ್ಣ ಎಲ್ಲೂ ನೋಡಿಲ್ಲ ನಾನು."

"ಚಂದ ಇದೆ," ಎಂದರು ಸೀತಾ ಮೇಡಂ. "ನೀವೇ ಬೇಕಂತ ಹಿಂಗೆ ಮಾಡಿದ್ದಾ ಅಥವಾ ಅಕಸ್ಮಾತ್ ಆಗಿದ್ದಾ?"

ಶೀತಲ್ ಬೆಳಗಿನಿಂದ ನಿಜವನ್ನೇ ಹೇಳಿಕೊಂಡು ಬಂದಿದ್ದಳು. ಔಷಧಿಯಲ್ಲ ಎಂದಳು, ಮುಟ್ಟಬೇಡಿ ಎಂದಳು, ಹೋಳಿಗೆಯಲ್ಲ ಎಂದಳು. ಒಂದು ಸಲವೂ ಯಾರೂ ನಂಬಲಿಲ್ಲ.

"ಬೇಕಂತಲೇ," ಅಂದಳು.

"ಇವರೇ ಸರಿ," ಎಂದರು ಮೂರ್ತಿಗಳು. "ಊಟ ಆಗ್ಲಿ. ಎರಡೂವರೆಗೆ ಅಧ್ಯಕ್ಷರ ಎದುರಿಗೆ ಇದನ್ನ ತೋರ್ಸಿ, ಅಲ್ಲೇ ಆರ್ಡರ್ ಕೊಟ್ಬಿಡೋಣ."

ಎರಡೂವರೆ. ಹೊರಗೆ ಬಂದು ಮೂಲೆಯ ಬೆಂಚಿನ ಮೇಲೆ ಕೂತ ಶೀತಲ್‌ನ ಕಣ್ಣೆದುರೇ ಮೊದಲ ನವಿಲಿನ ಕೊಕ್ಕು ತಿಳಿಯಾಗತೊಡಗಿತು.

ಆಮೇಲೆ ನಡೆದದ್ದನ್ನು ಯಾರಾದರೂ ನೋಡಿದ್ದರೆ ಅವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಬೆಳಗಿನಿಂದ ಒಂದು ಹನಿ ಸೋಕದಂತೆ ಕಾದವಳು ಕುಡಿಯುವ ನೀರಿನ ಲೋಟದಲ್ಲಿ ಬೆರಳದ್ದಿ ನವಿಲುಗಳಿಗೆ ಚಿಮುಕಿಸಿದಳು. ಬೆಳ್ಳಗಾದವು. ಹತ್ತು ನಿಮಿಷಕ್ಕೆ ತಿಳಿಯಾದವು. ಮತ್ತೆ ಚಿಮುಕಿಸಿದಳು. ನೀರು ಹೆಚ್ಚಾದರೆ ಕಾಗದ ಉಬ್ಬಿ ಸುರುಳಿ ಬಿಚ್ಚುತ್ತದೆ, ಕಡಿಮೆಯಾದರೆ ಹಾಲು ಹೋಗುತ್ತದೆ. ಎರಡು ಗಂಟೆಗೆ ಲೋಟ ಖಾಲಿಯಾಯಿತು. ತಟ್ಟೆಯನ್ನು ಬೆಂಚಿನ ಮೇಲಿಟ್ಟು ನಲ್ಲಿಗೆ ಓಡಿದಳು. ಅಲ್ಲಿ ಊಟ ಮುಗಿಸಿದ ಇಪ್ಪತ್ತು ಹೆಂಗಸರು ಕೈ ತೊಳೆಯಲು ಸಾಲಾಗಿ ನಿಂತಿದ್ದರು.

ಲೋಟ ತುಂಬಿಸಿಕೊಂಡು ಬಂದಾಗ ಬೆಂಚಿನ ಮೇಲೆ ತಟ್ಟೆ ಇರಲಿಲ್ಲ.

"ಹುಡುಕ್ತಿದೀಯಾ?" ಹೂವಮ್ಮ ನಗುತ್ತ ಬಂದರು. "ನಾನೇ ಎತ್ತಿಟ್ಟೆ. ಪನ್ನೀರು ಬಿದ್ದು ಎಲ್ಲ ಬೆಳ್ಳಗಾಗಿಹೋಗಿತ್ತಲ್ಲ, ನಂಗೆ ಊಟ ಸೇರ್ಲಿಲ್ಲ ಕಣಮ್ಮ. ಅದಕ್ಕೆ ಒಣಗಿಸಕ್ಕೆ ಇಟ್ಟಿದೀನಿ."

"ಎಲ್ಲಿ?"

"ವೇದಿಕೆ ಮೇಲೆ. ವಿಡಿಯೋದವನ ಲೈಟಿನ ಬುಡದಲ್ಲಿ. ಕೈ ಇಡಕ್ಕಾಗಲ್ಲ, ಅಷ್ಟು ಬಿಸಿ."

ಶೀತಲ್ ವೇದಿಕೆ ತಲುಪುವಷ್ಟರಲ್ಲಿ ಪರದೆ ಸರಿದು, ಅಧ್ಯಕ್ಷರು ಕೂತು, ಮೂರ್ತಿಗಳು ಎದ್ದು ನಿಂತು, "ನೀವು ಈಗ ನೋಡಲಿರುವುದು" ಎಂದು ಶುರುಮಾಡಿಯಾಗಿತ್ತು. ಅವರು ತಟ್ಟೆಯತ್ತ ಕೈ ತೋರಿಸಿದರು. ಮದುವೆಮನೆಗಳಲ್ಲಿ ವಧೂವರರನ್ನು ಬೇಯಿಸುವ ಎರಡು ದೊಡ್ಡ ದೀಪಗಳ ಕೆಳಗೆ ಹತ್ತು ನವಿಲುಗಳು ಥಳಥಳ ಹೊಳೆಯುತ್ತಿದ್ದವು. ಇಷ್ಟು ತಿಳಿಯಾಗಿ, ಇಷ್ಟು ನುಣುಪಾಗಿ ಶೀತಲ್ ಹಿಂದೆಂದೂ ಮಾಡಿರಲಿಲ್ಲ.

"ಇವು ಅವಲ್ಲ," ಎಂದರು ಮೂರ್ತಿಗಳು.

"ಅವೇ ಸರ್. ಒಣಗಿದ್ದಾವೆ."

"ಆ ಬಣ್ಣ ಬೇಕಂತ ಮಾಡಿದ್ದು ಅಂದ್ರಿ."

"ಸುಳ್ಳು ಹೇಳ್ದೆ ಸರ್. ಬಾಗಿಲಲ್ಲಿ ಪನ್ನೀರು ಬಿದ್ದಿತ್ತು. ಗ್ಲೇಜಿಗೆ ನೀರು ಬಿದ್ರೆ ಬೆಳ್ಳಗಾಗತ್ತೆ."

"ಓಲೆ ಮೇಲೆ ಪನ್ನೀರು ಯಾಕೆ ಬೀಳತ್ತೆ? ಹಣೆಗೆ ಕುಂಕುಮ ಕೊಟ್ಟು ತಲೆಗಲ್ವಾ ಚಿಮುಕ್ಸೋದು? ಹೂವಮ್ಮ, ಏನಿದು?"

ಸಭೆಯೆಲ್ಲ ಹೂವಮ್ಮನ ಕಡೆ ತಿರುಗಿತು. ಹೂವಮ್ಮ ಶೀತಲ್‌ನ ಬರಿಯ ಹಣೆ ನೋಡಿದರು. ಕುಂಕುಮ ಯಾಕೆ ಕೊಡಲಿಲ್ಲ ಎಂದು ಅಷ್ಟು ಜನರೆದುರು, ಮಹಿಳೆಯರ ಏಳಿಗೆಯ ಬ್ಯಾನರಿನ ಕೆಳಗೆ, ಹೇಳಬೇಕಾಗುತ್ತಿತ್ತು.

"ನಾನು ಎಲ್ರಿಗೂ ಒಂದೇ ಥರ ಚಿಮುಕ್ಸಿದ್ದು," ಎಂದರು ನೆಲ ನೋಡುತ್ತ.

"ಈಗ ನೀರು ಹಾಕಿ ನೋಡಿ ಸರ್," ಎಂದಳು ಶೀತಲ್. "ನಿಮ್ಮೆದುರಿಗೇ ಬೆಳ್ಳಗಾಗತ್ತೆ." ಕೈಯಲ್ಲಿದ್ದ ಲೋಟದ ನೀರನ್ನು ತಟ್ಟೆಯ ಮೇಲೆ ಸುರಿದಳು.

ನೀರು ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳಿ ಹೋಯಿತು. ನವಿಲುಗಳು ಕಣ್ಣು ಮಿಟುಕಿಸಲಿಲ್ಲ. ಮೂರ್ತಿಗಳು ವಾಚು ನೋಡಿಕೊಂಡು ಎರಡು ನಿಮಿಷ ಕಾದರು. ಗಟ್ಟಿಯಾದ ಮೇಲೆ ನೀರು ಏನೂ ಮಾಡದು ಎಂದು ಲೇಬಲ್ಲಿನಲ್ಲಿದ್ದದ್ದು ಅಕ್ಷರಶಃ ನಿಜವಾಗಿತ್ತು.

"ಕೈಯಲ್ಲಿ ಮಾಡಿದ್ದು ಇಷ್ಟು ನುಣುಪಾಗಿರಲ್ಲ," ಎಂದರು ಸೀತಾ ಮೇಡಂ ಒಂದನ್ನೆತ್ತಿ ನೋಡಿ. "ಇಂಥವು ಗಾಂಧಿ ಬಜಾರಲ್ಲಿ ಡಜನ್ನುಗಟ್ಟಲೆ ಸಿಗ್ತವೆ." ಆಮೇಲೆ ದನಿ ತಗ್ಗಿಸಿ, ಕನಿಕರದಿಂದ ಹೇಳಿದರು. "ನೋಡಿ ಶೀತಲ್. ಆಗ ತಂದಿದ್ದು ಯಾರದ್ದೋ, ಈಗಿರೋದು ಅಂಗಡೀದು. ನಿಮ್ಮ ಕಷ್ಟ ನಮಗೆ ಅರ್ಥ ಆಗತ್ತೆ. ದೂರು ಗೀರು ಕೊಡಲ್ಲ. ಒಂದು ಉಪಕಾರ ಮಾಡಿ. ಆ ಹಾಲು ಬಣ್ಣದ ಓಲೆ ಮಾಡಿದ ಹೆಣ್ಣುಮಗಳನ್ನ ಕರ್ಕೊಂಡು ಬನ್ನಿ. ಅವಳು ಸಿಗೋವರೆಗೂ ಕೆಲಸ ಖಾಲಿ ಇಟ್ಟಿರ್ತೀವಿ."

ಸಂಜೆ ಶೀತಲ್ ಮನೆ ಸೇರಿದಾಗ ಮಹಾಂತಮ್ಮ ಗೇಟಿನಲ್ಲೇ ಕಾಯುತ್ತಿದ್ದರು. ಕಾಫಿಪುಡಿಯ ಪೊಟ್ಟಣ ಇಸಿದುಕೊಂಡು ಮೂಸಿದರು.

"ಕೆಲಸ ಏನಾಯ್ತವ್ವ?"

"ಆಗ್ಲಿಲ್ಲ."

"ಹೋಗ್ಲಿ ಬಿಡು. ನಾಳೆ ಬೆಳಿಗ್ಗೆ ನನ್ ಕರೆಂಟ್ ಬಿಲ್ ಕಟ್ಬಿಡ್ತೀಯಾ? ಹೆಂಗೂ ಸುಮ್ನೆ ಇರ್ತೀಯಲ್ಲ."

ಒಳಗೆ ಶಿವಶಂಕರಪ್ಪನವರು ಟಿ.ವಿ. ಸದ್ದು ತಗ್ಗಿಸಿದರು. ಶೀತಲ್ ಮೇಜಿನ ಮೇಲಿಟ್ಟ ತಟ್ಟೆಯಿಂದ ಒಂದು ಓಲೆ ಎತ್ತಿದರು. ಈಗ ಅವಳು ಬೇಡವೆನ್ನಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಉಗುರಿನಿಂದ ಮೂರು ಸಲ ತಟ್ಟಿ, ಕಿವಿಯ ಹತ್ತಿರ ತಂದು ಸದ್ದು ಕೇಳಿದರು. ಮೂವತ್ತೊಂದು ವರ್ಷದ ಇನ್‌ಸ್ಪೆಕ್ಟರ್ ತಲೆದೂಗಿದರು.

"ಪಾಸು," ಎಂದರು. "ಒಂದು ಬ್ಲೋ ಹೋಲ್ ಇಲ್ಲ. ಅಲ್ಲ ಮಾರಾಯ್ತಿ, ಇಷ್ಟು ಚೆನ್ನಾಗಿರೋದನ್ನ ಇಟ್ಕೊಂಡು, ಬೆಳಿಗ್ಗೆ ಆ ಹಸಿಹಸಿ ಓಲೆ ಯಾಕೆ ತಗೊಂಡು ಹೋದೆ? ಇದನ್ನ ತೋರ್ಸಿದ್ರೆ ಕೆಲಸ ಸಿಕ್ತಿತ್ತು."